ಫ್ರಿಜ್ ಹಾಕುವ ದಿನ

ಆ ಮನೆಯಲ್ಲಿ ಚಳಿಗಾಲ ಬಂತೆಂದರೆ ಮೊದಲು ನಿದ್ದೆಹೋಗುತ್ತಿದ್ದುದು ಫ್ರಿಜ್ಜು. ಹೊರಗೆ ಕೈಕಾಲು ಮರಗಟ್ಟುವಂಥ ಚಳಿ ಪುಕ್ಕಟೆಯಾಗಿ ಬಿದ್ದಿರುವಾಗ, ಒಳಗೊಂದು ಪೆಟ್ಟಿಗೆಯನ್ನು ಕರೆಂಟು ಸುಟ್ಟು ತಣ್ಣಗಿಡುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವಲ್ಲ ಎಂಬುದು ಅಜ್ಜಿಯ ವಾದ. ಅಡುಗೆಮನೆಯ ಕಿಟಕಿಯಾಚೆ, ಬಿಸಿಲು ಬೀಳದ ಕಡೆಗೆ, ಅವಳ ಗಂಡ ಬದುಕಿದ್ದಾಗ ಹೊಡೆದುಕೊಟ್ಟ ಒಂದು ಹಲಗೆಯಿತ್ತು. ಹಾಲು, ಬೆಣ್ಣೆ, ಉಳಿದ ಅಡುಗೆ ಎಲ್ಲವೂ ಚಳಿಗಾಲವಿಡೀ ಆ ಹಲಗೆಯ ಮೇಲೆ, ತಂತಿಬಲೆಯ ಕೆಳಗೆ ಕೂತಿರುತ್ತಿದ್ದವು. ಪ್ಲಗ್ ಕಿತ್ತ ಫ್ರಿಜ್ಜಿನೊಳಗೆ ಅಜ್ಜಿ ಬಟ್ಟೆಯ ಚೂರು, ದಾರದುಂಡೆ, ಒಣಹೂವಿನ ಡಬ್ಬಿಗಳನ್ನು ತುಂಬಿಡುತ್ತಿದ್ದಳು. ಅಷ್ಟು ಜಾಗವನ್ನು ಸುಮ್ಮನೆ ಬಿಡುವುದು ಅವಳ ಜಾಯಮಾನವೇ ಅಲ್ಲ.

ಮತ್ತೆ ಫ್ರಿಜ್ ಹಾಕುವ ದಿನವನ್ನು ಗೊತ್ತುಮಾಡುತ್ತಿದ್ದವಳೂ ಅವಳೇ. ಕ್ಯಾಲೆಂಡರ್ ನೋಡಿ ಅಲ್ಲ, ಮೂಗಿನಿಂದ. ವಸಂತದ ಯಾವುದೋ ಒಂದು ಬೆಳಿಗ್ಗೆ ಕಿಟಕಿ ತೆರೆದು, ಹಾಲಿನ ಪಾತ್ರೆಯ ಮುಚ್ಚಳ ಎತ್ತಿ, ಒಂದು ಸಲ ಮೂಸಿ, "ಇವತ್ತು ಹಾಕ್ರಪ್ಪಾ" ಎನ್ನುತ್ತಿದ್ದಳು. ಆಗ ಬಟ್ಟೆಚೂರುಗಳು ಆಚೆ ಬರುತ್ತಿದ್ದವು, ಹಾಲು ಒಳಗೆ ಹೋಗುತ್ತಿತ್ತು. ಆ ಮೂಗು ತಪ್ಪಿದ್ದನ್ನು ಕಂಡವರಿಲ್ಲ. ಪಕ್ಕದ ಮನೆಯವರು ಕೂಡ ಅನುಮಾನ ಬಂದ ಮೊಟ್ಟೆ, ಮೀನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ, "ನಮ್ಮಮ್ಮನ ಮೂಗು ಇರೋವಾಗ ನಮಗೆ ಲ್ಯಾಬೊರೇಟರಿ ಯಾಕೆ?" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಅಜ್ಜಿ ಮೂಸದೆ ಆ ಮನೆಯಿಂದ ಒಂದು ತುತ್ತೂ ಕಸದ ಬುಟ್ಟಿಗೆ ಹೋಗುವಂತಿರಲಿಲ್ಲ. ಮೊಮ್ಮಗಳಂತೂ ಬಟ್ಟಲನ್ನು ಅಜ್ಜಿಯ ಮುಖಕ್ಕೇ ಹಿಡಿದು "ಪಾಸಾ?" ಎಂದು ಕೇಳುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ, ದೊಡ್ಡ ಪರೀಕ್ಷಕಳ ಗತ್ತಿನಲ್ಲಿ ಮೂಸಿ, "ಪಾಸು" ಎಂದಮೇಲೆಯೇ ಹುಡುಗಿ ಚಮಚ ಎತ್ತುವುದು. ಚೋಟುದ್ದ ಇದ್ದಾಳೆಂದು ಅವಳಿಗೆ ಚೋಟು ಎಂದೇ ಹೆಸರು ಬಿದ್ದಿತ್ತು.

ಈ ಚಳಿಗಾಲದಲ್ಲಿ ಅಜ್ಜಿಗೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು.

ಅವಳಿಗೆ ಅದು ಗೊತ್ತಾದದ್ದು ಒಲೆಯ ಮೇಲೆ ಈರುಳ್ಳಿ ಸೀದಾಗ. ಹೊಗೆ ಕಾಣಿಸುತ್ತಿತ್ತು, ವಾಸನೆ ಇರಲಿಲ್ಲ. ನೆಗಡಿ ಎಂದುಕೊಂಡಳು. ಆಮೇಲೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸೋಪು ಮೂಸಿದಳು, ಕಾಫಿಪುಡಿ ಮೂಸಿದಳು, ಮಗನ ಗ್ರೀಸು ಹತ್ತಿದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿದಳು. ಎಲ್ಲವೂ ಒಂದೇ, ಗೋಡೆ ಮೂಸಿದ ಹಾಗೆ. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ಮಂಚದ ಮೇಲೆ ಕೂತಿದ್ದಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಅದೇ ಅವಳ ಭಯ. "ಹೋಗ್ಲಿ ಬಿಡಮ್ಮಾ, ವಯಸ್ಸಾಯ್ತು" ಎಂದು ಮಗ ಹೇಳುತ್ತಿದ್ದ, ಅಲ್ಲಿಂದಾಚೆಗೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಾಲಿನ ಕಸುವು ಹೋಗಿತ್ತು, ಕಣ್ಣು ಮಂಜಾಗಿತ್ತು, ಸಂಪಾದನೆ ಎಂಬುದು ಎಂದೂ ಇರಲಿಲ್ಲ. ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಇದ್ದದ್ದು ಆ ಮೂಗಿನ ದೆಸೆಯಿಂದ. ಅದೂ ಇಲ್ಲವೆಂದಾದರೆ ತಾನು ಮೂಲೆಯಲ್ಲಿ ಕೂತು ಉಣ್ಣುವ ಒಂದು ಬಾಯಿ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಹಾಗಾಗಿ ನಾಟಕ ಶುರುವಾಯಿತು. ಪಾತ್ರೆ ಮೂಗಿಗೆ ಬಂದಾಗ ಕಣ್ಣು ಮುಚ್ಚುತ್ತಿದ್ದಳು, "ಯಾವಾಗ ಮಾಡಿದ್ದು ಇದು?" ಎಂದು ತಣ್ಣಗೆ ಕೇಳುತ್ತಿದ್ದಳು, ತಂದವರ ಮುಖವನ್ನು ಓರೆಗಣ್ಣಿನಿಂದ ಓದುತ್ತಿದ್ದಳು. ಚಳಿ ಗಟ್ಟಿಯಾಗಿತ್ತು, ಏನೂ ಕೆಡುತ್ತಿರಲಿಲ್ಲ. ಮರ್ಯಾದೆ ಉಳಿಯಿತು.

ಚಳಿ ಇಳಿಯುತ್ತಿದ್ದಂತೆ ಅವಳು ಎಂದಿನ ಹಾಗೆ ಗಂಧದ ಚೀಲ ಹೊಲಿಯಲು ಕೂತಳು. ಉಣ್ಣೆಬಟ್ಟೆಗಳನ್ನು ಕಟ್ಟಿಡುವಾಗ ನುಸಿ ಹಿಡಿಯದಿರಲೆಂದು ನಡುವೆ ಇಡುವ ಅಂಗೈಯಗಲದ ಚೀಲಗಳು ಅವು. ಬಟ್ಟೆ ಹರಿದ ಅಂಗಿಗಳದ್ದು, ದಾರ ಸೊಸೆ ಹೊಲಿಗೆ ಕಾರ್ಖಾನೆಯಿಂದ ಆಯ್ದು ತಂದ ತುಂಡುಗಳದ್ದು, ಒಳಗೆ ತುಂಬುವುದು ಚಳಿಗಾಲದಲ್ಲಿ ತಿಂದ ಕಿತ್ತಳೆಯ ಸಿಪ್ಪೆ, ಒಣಗಿದ ಹೂವಿನ ಎಸಳು, ಒಂದೆರಡು ಲವಂಗ. ಖರ್ಚು ಸೊನ್ನೆ. ಚೋಟು ಎದುರಿಗೆ ಕೂತು ಪ್ರತಿ ಚೀಲದ ಬಾಯಿಗೂ ಬಣ್ಣದ ಗೊಂಡೆ ಕಟ್ಟುತ್ತಿದ್ದಳು. ಸಿಪ್ಪೆ ಪೂರ್ತಿ ಒಣಗಿದೆಯೋ ಇಲ್ಲವೋ ಎಂಬುದನ್ನು ಅಜ್ಜಿ ಪ್ರತಿವರ್ಷ ಮೂಸಿಯೇ ಹೇಳುತ್ತಿದ್ದಳು. ಈ ಸಲ ಬೆರಳಿನಿಂದ ಮುರಿದು ನೋಡಿದಳು, ಮುರಿಯಿತೆಂದು ತುಂಬಿದಳು.

ಬೀದಿಯ ಮರಗಳು ಚಿಗುರಿದವು. ಎದುರುಮನೆಯ ಪೋಸ್ಟ್‌ಮ್ಯಾನ್ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಓಡಾಡತೊಡಗಿದ.

"ಅಮ್ಮಾ, ಫ್ರಿಜ್ ಹಾಕೋದಾ?" ಎಂದ ಮಗ ಒಂದು ಬೆಳಿಗ್ಗೆ.

ಅಜ್ಜಿ ಕಿಟಕಿ ತೆರೆದಳು, ಹಾಲಿನ ಮುಚ್ಚಳ ಎತ್ತಿದಳು, ಮೂಸಿದಳು. ಕೆನ್ನೆಗೆ ಗಾಳಿ ಬೆಚ್ಚಗೆ ತಾಗಿತು. "ಹಾಕಿ" ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ಹಾಗೆ ಹೇಳಿದ ಮೇಲೆ ಚಳಿ ಮರಳಿದರೆ ತನ್ನ ಬಂಡವಾಳ ಬಯಲಾದೀತೇನೋ, ಅವಸರಪಟ್ಟಳು ಎಂದು ನಕ್ಕಾರೇನೋ ಎನ್ನಿಸಿತು. "ಇನ್ನೂ ಬೇಡ. ಸ್ವಲ್ಪ ದಿನ ಹೋಗ್ಲಿ" ಎಂದಳು.

"ನೀನು ಹೇಳಿದ್ಮೇಲೆ ಮುಗೀತು" ಎಂದು ಮಗ ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟ.

ಆ ವಾರ ಮನೆಗೆ ಕೋಳಿಯ ಮೂಳೆ ಅಗ್ಗಕ್ಕೆ ಸಿಕ್ಕಿತ್ತು. ಸೊಸೆ ಒಂದು ದೊಡ್ಡ ಪಾತ್ರೆ ಸೂಪು ಮಾಡಿ ಹಲಗೆಯ ಮೇಲಿಟ್ಟಳು. ಬೇಕೆಂದಾಗ ಬೇಕಾದಷ್ಟನ್ನು ಬಗ್ಗಿಸಿಕೊಂಡು, ಗ್ಯಾಸು ಉಳಿಸಲು ಸುಮ್ಮನೆ ಬೆಚ್ಚಗೆ ಮಾಡಿಕೊಂಡು ಕುಡಿಯುವುದು ಅಲ್ಲಿಯ ಕ್ರಮ. ಮೊದಲ ದಿನ ಎಲ್ಲರೂ ಕುಡಿದರು. ಮರುದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ಪಾತ್ರೆಯ ಮುಚ್ಚಳ ತೆಗೆದು ಒಂದು ಗಳಿಗೆ ನಿಂತಳು. ಆಮೇಲೆ ಪಾತ್ರೆಯನ್ನು ಅತ್ತೆಯ ಹತ್ತಿರ ತಂದಳು.

"ಅತ್ತೆ, ಇದೊಂದು ಸಲ ನೋಡಿ."

ಅಜ್ಜಿ ಕಣ್ಣು ಮುಚ್ಚಿದಳು. ಸೊಸೆಯ ಮುಖ ಓದೋಣವೆಂದರೆ ಅವಳು ಆಗಲೇ ಚಪ್ಪಲಿ ಹುಡುಕಲು ಬಗ್ಗಿದ್ದಳು. ನಿನ್ನೆ ತಾನೇ ಮಾಡಿದ್ದು ಎಂದು ಅಜ್ಜಿ ಲೆಕ್ಕ ಹಾಕಿದಳು.

"ಚೆನ್ನಾಗಿದೆ ಕಣೇ. ಇದಕ್ಕೇನಾಗಿದೆ?"

ಮಧ್ಯಾಹ್ನ ಮಗುವಿಗೆ ಅದನ್ನೇ ಬೆಚ್ಚಗೆ ಮಾಡಿ ಕೊಟ್ಟಳು. ಅವಳು ಮಾತ್ರ ಒಣ ಬ್ರೆಡ್ಡು ತಿಂದಳು. ವಾಸನೆ ಹೋದಾಗಿನಿಂದ ಯಾವ ಊಟವೂ ಅವಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚೋಟು ಬಟ್ಟಲು ಹಿಡಿದು ಮೂತಿ ಸೊಟ್ಟ ಮಾಡಿದಳು.

"ಪಾಸಾ, ಅಜ್ಜಿ?"

"ಪಾಸು."

ಪಾಸಾದಮೇಲೆ ತಕರಾರಿಲ್ಲ. ಹುಡುಗಿ ಬಟ್ಟಲನ್ನು ನೆಕ್ಕಿ ಇಟ್ಟಳು.

ಸಂಜೆಗೆ ವಾಂತಿ ಶುರುವಾಯಿತು, ಆಮೇಲೆ ಭೇದಿ, ಆಮೇಲೆ ಕೆಂಡದಂಥ ಜ್ವರ. ಬೆಳಕು ಹರಿಯುವಷ್ಟರಲ್ಲಿ ಮಗು ಅಮ್ಮಾ ಎನ್ನುವ ಶಕ್ತಿಯೂ ಇಲ್ಲದೆ ತಾಯಿಯ ಹೆಗಲ ಮೇಲೆ ಜೋತುಬಿದ್ದಿತ್ತು. ಆಸ್ಪತ್ರೆಗೆ ಓಡಿದರು.

"ಕೆಟ್ಟಿದ್ದೇನೋ ಹೊಟ್ಟೆಗೆ ಹೋಗಿದೆ" ಎಂದರು ಡಾಕ್ಟರು ಡ್ರಿಪ್ ಹಾಕಿಸುತ್ತಾ. "ಮಗು ತುಂಬಾ ಸುಸ್ತಾಗಿದೆ. ಏನು ಕೊಟ್ಟಿದ್ರಿ?"

"ಮನೆ ಊಟ ಅಲ್ಲ ಡಾಕ್ಟ್ರೇ, ಅದಂತೂ ಅಲ್ಲ. ನಮ್ಮಮ್ಮ ನೋಡದೆ ಏನೂ ಕೊಡಲ್ಲ" ಎಂದ ಮಗ. ಹಾಗೆನ್ನುತ್ತಲೇ ಹೆಂಡತಿಯ ಕಡೆ ತಿರುಗಿದ. "ಬನ್ನು! ಮೊನ್ನೆ ಕಾರ್ಖಾನೆ ಹತ್ರದ ಅಂಗಡಿಯಿಂದ ಕ್ರೀಮ್ ಬನ್ನು ತಂದಿದ್ಯಲ್ಲ ಮಗೂಗೆ? ಹೊರಗಿನ ತಿಂಡಿ ಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

ಸೊಸೆಯ ಕಣ್ಣು ಮಗುವಿನ ಕೈಗೆ ಚುಚ್ಚಿದ್ದ ಸೂಜಿಯ ಮೇಲಿತ್ತು. ಅಜ್ಜಿ ಹೇಳಬೇಕಾಗಿತ್ತು. ಬನ್ನೇ ಇರಬಹುದು, ಯಾರಿಗೆ ಗೊತ್ತು, ಎಂದು ತನಗೆ ತಾನೇ ಹೇಳಿಕೊಂಡಳು. ಆ ಬನ್ನಿನ ಮೇಲೆಯೇ ಅವಳು ಭರವಸೆಯನ್ನೆಲ್ಲ ಇಟ್ಟಳು.

ಕೈ ಸುಮ್ಮನಿರಲಾರದೆ, ಮಗುವೇ ಗೊಂಡೆ ಕಟ್ಟಿದ್ದ ಗಂಧದ ಚೀಲವೊಂದನ್ನು ಸೆರಗಿನಿಂದ ತೆಗೆದು ದಿಂಬಿನ ಪಕ್ಕಕ್ಕಿಟ್ಟಳು. ಆಸ್ಪತ್ರೆಯ ವಾಸನೆಗೆ ಮಗು ಹೆದರದಿರಲಿ ಎಂದು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದವಳು ಮುಖ ಕಿವುಚಿದಳು.

"ಯಾರಿಟ್ರು ಇದನ್ನ? ಬೂಷ್ಟು ವಾಸನೆ ಹೊಡೀತಿದೆ. ಮೊದಲು ತೆಗೀರಿ."

ಸೊಸೆ ಚೀಲವನ್ನು ಎತ್ತಿಕೊಂಡಳು. ಮೂಗಿಗೆ ಹಿಡಿದಳು. ಆಮೇಲೆ ನಿಧಾನವಾಗಿ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆ ವಾರ್ಡಿನಲ್ಲಿ ಸಂಜೆಯ ಮೇಲೆ ಯಾರನ್ನೂ ಇರಗೊಡುತ್ತಿರಲಿಲ್ಲ. ಮೂವರೂ ನಡೆದುಕೊಂಡೇ ಮನೆಗೆ ಬಂದರು, ದಾರಿಯುದ್ದಕ್ಕೂ ಮಗ ಬನ್ನನ್ನು ಬೈಯುತ್ತಲೇ ಇದ್ದ. ಸೊಸೆ ಒಂದು ಹೆಜ್ಜೆ ಹಿಂದೆ ತುಟಿ ಬಿಗಿದುಕೊಂಡು ಬರುತ್ತಿದ್ದಳು. ತನ್ನ ಬೆನ್ನಿನ ಮೇಲೆ ಅವಳ ದೃಷ್ಟಿ ನೆಟ್ಟಿರುವುದು ಅಜ್ಜಿಗೆ ತಿಳಿಯುತ್ತಿತ್ತು. ಸೊಸೆ ಕಾಯುತ್ತಿದ್ದಳು. ಗಂಡನಿಗೆ ತಾನಾಗಿ ಒಂದು ಮಾತೂ ಹೇಳದೆ, ಅತ್ತೆಯ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಳು.

ಬೆಳಗಿನಿಂದ ಮಗ ಏನೂ ತಿಂದಿರಲಿಲ್ಲ. ಬಂದವನೇ ಕಿಟಕಿ ತೆರೆದು ಹಲಗೆಯ ಮೇಲಿನ ಸೂಪಿನ ಪಾತ್ರೆಯನ್ನು ಒಳಗೆಳೆದುಕೊಂಡ.

"ಇಷ್ಟು ಉಳಿದಿದೆ. ದಂಡ ಯಾಕೆ ಮಾಡೋದು? ಅಮ್ಮಾ, ಒಂದ್ಸಲ ನೋಡಿಬಿಡು."

ಪಾತ್ರೆ ಅಜ್ಜಿಯ ಮುಖದ ಹತ್ತಿರ ಬಂತು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಮುಷ್ಟಿಯಲ್ಲಿ ಆ ಚೀಲ ಇನ್ನೂ ಇತ್ತು. ಅಜ್ಜಿ ಮೂಸಿದಳು. ಇರುವ ಉಸಿರೆಲ್ಲ ಎಳೆದು ಮೂಸಿದಳು. ಏನಾದರೂ ಬರಲಿ, ಒಳ್ಳೆಯದೋ ಕೆಟ್ಟದ್ದೋ, ಒಂದು ಎಳೆ ಬರಲಿ ಎಂದು ಬೇಡಿಕೊಂಡಳು. ಬರಲಿಲ್ಲ. ಮಗ ಚಮಚ ತೆಗೆದುಕೊಂಡಿದ್ದ. ಹುಟ್ಟಿದಂದಿನಿಂದ ಹೀಗೆಯೇ ಅವಳ ಒಂದು ಮಾತಿಗಾಗಿ ಚಮಚ ಹಿಡಿದು ಕಾದವನು ಅವನು.

ಅಜ್ಜಿ ಪಾತ್ರೆಯನ್ನು ಕಸಿದುಕೊಂಡು ಸಿಂಕಿಗೆ ಸುರಿದುಬಿಟ್ಟಳು. ಮೂಳೆಗಳು ದಡಬಡ ಬಿದ್ದವು.

"ಅಮ್ಮಾ! ಏನಿದು?" ಮಗ ದಂಗಾದ. ಆ ಮನೆಯಲ್ಲಿ ಅಷ್ಟು ಊಟ ಚೆಲ್ಲಿದ್ದನ್ನು ಅವನು ನೋಡಿಯೇ ಇರಲಿಲ್ಲ. "ವಾಸನೆ ಬಂತಾ?"

"ಇಲ್ಲಪ್ಪಾ. ಬರ್ಲಿಲ್ಲ" ಎಂದಳು ಅಜ್ಜಿ. "ಆ ಜ್ವರ ಬಂದಾಗಿಂದ ನಂಗೆ ಯಾವ ವಾಸನೆನೂ ಬರ್ತಾ ಇಲ್ಲ. ಚೋಟುಗೆ ಕೊಟ್ಟಿದ್ದು ಇದನ್ನೇ. ಬನ್ನಲ್ಲ."

ಮಗ ಚಮಚವನ್ನು ಕೆಳಗಿಡುವುದನ್ನೇ ಮರೆತ. ಬೈದಿದ್ದರೆ ಅಜ್ಜಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

ಮಾತಾಡಿದವಳು ಸೊಸೆ, ದನಿ ಏರಿಸದೆ. "ನಿನ್ನೆ ಬೆಳಿಗ್ಗೆ ಮುಚ್ಚಳ ತೆಗೆದಾಗ್ಲೇ ನಂಗೆ ಹುಳಿ ವಾಸನೆ ಹೊಡೀತು, ಅತ್ತೆ. ನೀವು ಚೆನ್ನಾಗಿದೆ ಅಂದ್ರಿ. ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡು, ಮಗೂನ ಬಿಟ್ಟು ಕೆಲಸಕ್ಕೆ ಹೋದೆ."

ಅಷ್ಟು ಹೇಳಿ ಚೀಲವನ್ನು ಕಸದ ಬುಟ್ಟಿಗೆ ಹಾಕಿದಳು. ಮಗ ಫ್ರಿಜ್ಜಿನ ಬಾಗಿಲು ತೆರೆದು ಬಟ್ಟೆಚೂರು, ದಾರದುಂಡೆ, ಡಬ್ಬಿಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿದ. ಪ್ಲಗ್ ಸಿಕ್ಕಿಸಿದ. ಯಾರನ್ನೂ ಕೇಳಲಿಲ್ಲ. ಹಳೆಯ ಫ್ರಿಜ್ಜು ಒಮ್ಮೆ ನಡುಗಿ ಗುರ್ರೆಂದು ಶುರುವಾಯಿತು. ಅಜ್ಜಿ ನೆಲದ ಮೇಲೆ ಕೂತು, ಹರಡಿದ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡಳು.

ಮಗು ಉಳಿಯಿತು. ಆದರೆ ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಚೋಟು ಇನ್ನಷ್ಟು ಚೋಟುವಾಗಿದ್ದಳು. ಕಣ್ಣು ಗುಳಿಬಿದ್ದಿದ್ದವು, ಮೆಟ್ಟಿಲು ಹತ್ತಲು ಅಪ್ಪ ಎತ್ತಿಕೊಳ್ಳಬೇಕಾಯಿತು. ಸೊಸೆ ಫ್ರಿಜ್ಜಿನಿಂದ ಹಾಲು ತೆಗೆದು, ಉಕ್ಕಿಸಿ, ಆರಿಸಿ ಲೋಟಕ್ಕೆ ಹಾಕಿ ಕೊಟ್ಟಳು. ಚೋಟು ಎರಡೂ ಕೈಯಲ್ಲಿ ಲೋಟ ಹಿಡಿದು ಅಜ್ಜಿಯ ಕುರ್ಚಿಯ ಹತ್ತಿರ ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ಪಾಸಾ, ಅಜ್ಜಿ?"

ಅಜ್ಜಿ ಲೋಟವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. "ಅಮ್ಮನ್ನ ಕೇಳು, ಕಂದಾ."

"ಅಮ್ಮಂಗೆ ಗೊತ್ತಾಗಲ್ಲ. ನೀನೇ ಹೇಳ್ಬೇಕು." ಲೋಟ ಮುಂದಕ್ಕೆ ಬಂತು. "ಇಲ್ಲಾಂದ್ರೆ ನಾನು ಕುಡಿಯಲ್ಲ."

ಹೇಗಾದರೂ ಮಾಡಿ ಹೊಟ್ಟೆಗೆ ಏನಾದರೂ ಹಾಕಿ ಎಂದು ಡಾಕ್ಟರು ಹೇಳಿದ್ದರು. ಸೊಸೆ ಬಂದು ಮಗುವಿನ ಹಿಂದೆ ನಿಂತಳು, ಬಗ್ಗಿ ಲೋಟವನ್ನು ಮೂಸಿದಳು. ಆಮೇಲೆ ಮಗುವಿನ ತಲೆಯ ಮೇಲಿಂದ ಅತ್ತೆಯ ಕಡೆ ನೋಡಿ ಒಂದು ಸಲ ತಲೆಯಾಡಿಸಿದಳು. ಮುಖದಲ್ಲಿ ಬೇರೇನೂ ಇರಲಿಲ್ಲ.

"ಪಾಸು" ಎಂದಳು ಅಜ್ಜಿ.

ಚೋಟು ಗಟಗಟನೆ ಕುಡಿದಳು. ಅಂದಿನಿಂದ ಪ್ರತಿ ಊಟಕ್ಕೂ ಹೀಗೆಯೇ ನಡೆಯುತ್ತದೆ. ಸೂಪು ಚೆಲ್ಲಿದ ಆ ಸಂಜೆಯ ನಂತರ ಸೊಸೆ ಅತ್ತೆಯೊಡನೆ ಬಾಯಿಬಿಟ್ಟು ಒಂದು ಮಾತನ್ನೂ ಆಡಿಲ್ಲ. ಮಗುವಿನ ಬಟ್ಟಲು ಬಂದಾಗ ತಲೆಯಾಡಿಸುತ್ತಾಳೆ, ಅಷ್ಟೇ.