ಬೆನ್ನಿಗೆ ಸೂಜಿ ಬೇಡ

ಒಂಬತ್ತನೇ ಸಲ ಬೆನ್ನಿಗೆ ಸೂಜಿ ಚುಚ್ಚಲು ಬಂದ ದಿನ ಗುಬ್ಬಿ ಡಾಕ್ಟರ ಕೈ ಕಚ್ಚಿದಳು. ಏಳು ವರ್ಷದ ಹುಡುಗಿ. ಕಾಲು ನಿಲ್ಲುವುದಿಲ್ಲ, ಕತ್ತು ಗಟ್ಟಿಯಿಲ್ಲ, ಹಲ್ಲು ಮಾತ್ರ ಬಲು ಗಟ್ಟಿ. ಅಮ್ಮ ನಾಚಿಕೆಯಿಂದ ನೆಲ ನೋಡಿದಳು. ಸ್ಯಾಂಪಲ್ ಒಯ್ಯಲು ಕೆಳಗಿನ ಪ್ರಯೋಗಾಲಯದಿಂದ ಬಂದಿದ್ದ ಚಿಕ್ಕಮ್ಮ, "ಸರಿಯಾಗೇ ಮಾಡಿದೆ ಕಂದಾ" ಎಂದಳು.

ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆ ಅದು. ಮಿದುಳಿಗೆ ಬೇಕಾದ ಒಂದು ರಾಸಾಯನಿಕ ಮೈಯಲ್ಲಿ ಸರಿಯಾಗಿ ತಯಾರಾಗದು. ಔಷಧವೇನೋ ಇತ್ತು. ಎಷ್ಟು ಕೊಡಬೇಕೆಂದು ತಿಳಿಯಲು ಮೂರು ತಿಂಗಳಿಗೊಮ್ಮೆ ಬೆನ್ನುಮೂಳೆಯ ಸಂದಿನಿಂದ ನೀರು ತೆಗೆದು ಅಳೆಯಬೇಕು. ಅಳೆಯುತ್ತಿದ್ದವಳು ಚಿಕ್ಕಮ್ಮನೇ.

'ಮಿದುಳು ಬಳಸಿ ಬಿಟ್ಟದ್ದು ಎಲ್ಲಿಗಾದರೂ ಹೋಗಲೇಬೇಕಲ್ಲ' ಎಂಬುದು ಅವಳ ತಲೆ ಕೊರೆಯುತ್ತಿತ್ತು. ಗುಬ್ಬಿಯ ಅಮ್ಮ, ಅಂದರೆ ತನ್ನ ಅಕ್ಕನನ್ನು ಕೇಳಿ ಗುಬ್ಬಿಯ ಮೂತ್ರವನ್ನೂ ಯಂತ್ರಕ್ಕೆ ಹಾಕಿದಳು. ಒಂದು ಅಂಕಿ ಬೆನ್ನಿನ ನೀರಿನ ಅಂಕಿಯ ಜೊತೆಜೊತೆಗೇ ಏರಿಳಿಯುತ್ತಿತ್ತು.

ದೊಡ್ಡ ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದರು. "ಒಂದು ಮಗುನಲ್ಲಿ ಕಂಡಿದ್ದನ್ನ ಪರೀಕ್ಷೆ ಅನ್ನೋಕಾಗಲ್ಲಮ್ಮ."

"ಹಾಗಾದ್ರೆ ಇನ್ನೂ ಹತ್ತು ಮಕ್ಕಳದ್ದು ತರ್ತೀನಿ."

"ಈ ಕಾಯಿಲೆ ಇರೋರೇ ಬೆರಳೆಣಿಕೆ. ಎಲ್ಲಿಂದ ತರ್ತೀರಿ?"

"ಅಮ್ಮಂದಿರಿಗೆ ಒಬ್ಬರಿಗೊಬ್ಬರು ಗೊತ್ತಿರ್ತಾರೆ ಸಾರ್."

ಅವರು ಕನ್ನಡಕ ಮತ್ತೆ ಏರಿಸಿ ಕಾಗದವನ್ನು ಇನ್ನೊಮ್ಮೆ ಓದಿದರು. "ಆಸ್ಪತ್ರೆ ಸಮಿತಿಯ ಒಪ್ಪಿಗೆ ಕೊಡಿಸ್ತೀನಿ. ಸೋತ್ರೆ ಸೋತೆ ಅಂತಲೇ ಬರೀಬೇಕು."

ಅಕ್ಕ ಫೋನು ಹಿಡಿದು ಕೂತಳು. ಮೂರು ತಿಂಗಳೊಳಗೆ ಗುಬ್ಬಿಯದೂ ಸೇರಿ ಹನ್ನೊಂದು ಮಕ್ಕಳ ಲಕೋಟೆ ಕೂಡಿದವು, ಒಳಗೆ ಮೂತ್ರದಲ್ಲಿ ಅದ್ದಿ ಒಣಗಿಸಿದ ಕಾಗದದ ತುಂಡುಗಳು. ಜೊತೆಗೆ ಅದೇ ವಾರ ಆಯಾ ಆಸ್ಪತ್ರೆಯಲ್ಲಿ ತೆಗೆದ ಬೆನ್ನಿನ ನೀರಿನ ವರದಿ. ಅಳೆದು ನೋಡಿದರೆ ಎಲ್ಲ ಅಯೋಮಯ, ಒಂದಕ್ಕೊಂದು ತಾಳೆಯಿಲ್ಲ. ಚಿಕ್ಕಮ್ಮ 'ಸೋತಿದೆ' ಎಂದು ಬರೆದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟಳು. ಅಕ್ಷರ ದಪ್ಪವಾಗಿಯೇ ಬರೆದಳು.

ಆಮೇಲೆ ಒಬ್ಬೊಬ್ಬ ತಾಯಿಗೂ ಫೋನು ಮಾಡಿ ವಿಚಾರಿಸಿದಳು. ಒಬ್ಬಳು ಔಷಧ ಕೊಟ್ಟ ಮೇಲೆ ಹಿಡಿದಿದ್ದಳು, ಇನ್ನೊಬ್ಬಳು ಮೊದಲೇ, ಮತ್ತೊಬ್ಬಳು ಸಂಜೆ. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹೊತ್ತು ಹೇಳೋದನ್ನೇ ಮರೆತಿದ್ದೆ" ಎಂದು ಹಣೆ ಚಚ್ಚಿಕೊಂಡಳು.

ಎರಡನೇ ಸುತ್ತಿಗೆ, ಮುಂದಿನ ಸೂಜಿಯ ವಾರ, ಎಲ್ಲರೂ ಬೆಳಗ್ಗೆ ಎದ್ದ ಕೂಡಲೇ, ಔಷಧಕ್ಕೆ ಮೊದಲು ಹಿಡಿದರು. ತನಗೇ ತಾನು ಮೋಸ ಮಾಡಿಕೊಳ್ಳಬಾರದೆಂದು ಚಿಕ್ಕಮ್ಮ ಸಹೋದ್ಯೋಗಿಯಿಂದ ಹೆಸರು ಮುಚ್ಚಿಸಿ ಬರೀ ನಂಬರು ಹಾಕಿಸಿದಳು. ಈ ಸಲ ಒಂಬತ್ತು ತಾಳೆಯಾದವು, ಎರಡು ಆಗಲಿಲ್ಲ. ಹೆಸರು ಬಿಚ್ಚಿ ನೋಡಿದಳು. ತಪ್ಪಿದ ಎರಡರಲ್ಲಿ ಒಂದು ಗುಬ್ಬಿಯದು. ಮೊದಲು ಅವಳಲ್ಲಿ ತಾಳೆ ಕಂಡದ್ದು ಬರೀ ಆಕಸ್ಮಿಕ.

ಸಮಿತಿಯಲ್ಲಿ ಒಬ್ಬರು, "ಆ ಎರಡನ್ನ ಬಿಟ್ಟು ತೋರಿಸಿದ್ರೆ ಚೆನ್ನಾಗಿ ಕಾಣ್ತಿತ್ತು" ಎಂದರು.

"ಚೆನ್ನಾಗಿ ಕಾಣಲಿ ಅಂತ ಮಾಡಿಲ್ಲ. ಆ ಎರಡರಲ್ಲಿ ಒಂದು ನಮ್ಮನೆ ಮಗು" ಎಂದಳು ಚಿಕ್ಕಮ್ಮ. "ಆದ್ರೆ ಉಳಿದ ಒಂಬತ್ತು ಮಕ್ಕಳ ಬೆನ್ನಿಗೆ ಸುಮ್ಮಸುಮ್ಮನೆ ಯಾಕೆ ಚುಚ್ಚಬೇಕು? ವರ್ಷಕ್ಕೊಂದು ಸೂಜಿ ಇರಲಿ. ಮಿಕ್ಕ ಸಲ ಕಾಗದ. ತಪ್ಪಿದ್ರೆ ನಾನೇ ಬಂದು ಹೇಳ್ತೀನಿ."

ದೊಡ್ಡ ಡಾಕ್ಟರು, "ಇನ್ನೂ ನೂರು ಅನುಮಾನ ಇದೆ ನನಗೆ" ಎನ್ನುತ್ತಲೇ ಒಂದು ವರ್ಷದ ಪ್ರಯೋಗಕ್ಕೆ ಸಹಿ ಹಾಕಿದರು.

ಮನೆಗೆ ಬಂದು ಗುಬ್ಬಿಗೆ ಹೇಗೆ ಹೇಳುವುದೆಂದು ತಿಳಿಯದೆ ಚಿಕ್ಕಮ್ಮ ಮಂಚದ ಅಂಚಿಗೆ ಕೂತಳು. "ಉಳಿದೋರಿಗೆ ಕಾಗದ ಸಾಕಂತೆ, ನಿನಗೆ ಸೂಜಿ ತಪ್ಪಲಿಲ್ಲ" ಎಂದು ಅಕ್ಕ ಅಳುತ್ತಿದ್ದಳು. ಗುಬ್ಬಿ ಒಂದೊಂದೇ ಮಾತು ಎಳೆದು, "ಅವರಿಗೆ... ಸೂಜಿ ಇಲ್ವಾ?" ಎಂದಳು.

"ಇಲ್ಲ ಕಂದಾ. ಕಡಿಮೆ."

"ನಂದು... ಹುಡುಕು."

ಹುಡುಗಿಯ ಬಾಯಿಂದ ಎಂದಿನಂತೆ ಜೊಲ್ಲು ಇಳಿಯುತ್ತಿತ್ತು. ಅಕ್ಕ ಒರೆಸಲು ಸೆರಗು ಹಿಡಿದಳು.

"ಒರೆಸಬೇಡ ಅಕ್ಕಾ!" ಚಿಕ್ಕಮ್ಮ ಚೀಲದಿಂದ ಒಂದು ಶೀಶೆ ತೆಗೆದು ಗುಬ್ಬಿಯ ಗಲ್ಲಕ್ಕೆ ಹಿಡಿದಳು. "ಮೂತ್ರದಲ್ಲಿ ಸಿಗದಿದ್ರೆ ಇದರಲ್ಲಿ ನೋಡೋಣ. ಒಪ್ಪಿಗೆ ಕೇಳಿ ನಾಳೇನೇ ಅರ್ಜಿ ಹಾಕ್ತೀನಿ."

ಗುಬ್ಬಿ ನಕ್ಕಳು. ಜೊಲ್ಲು ಇನ್ನಷ್ಟು ಇಳಿಯಿತು.