ಕ್ಯಾಮೆರಾಕ್ಕೆ ಮುಖ ಮುಚ್ಚಿಕೊಂಡ ಬೀದಿ

ಯುದ್ಧದ ಮೊದಲ ಬೇಸಿಗೆಯಲ್ಲೇ ಫೋಟೊ ತೆಗೆಯುವ ಆ ಐವರು ನನ್ನ ಪಾರ್ಲರಿನ ಹಿಂದಿನ ಕೋಣೆಗೆ ವಕ್ಕರಿಸಿದರು. ಕಿಟಕಿಯಿಲ್ಲ, ತಲೆ ತೊಳೆಯುವ ಬೇಸಿನ್ ಇದೆ, ಫೋಟೊ ತೊಳೆಯುವುದಕ್ಕೆ ಇಂಥ ಜಾಗ ಇಡೀ ಸರಾಯೆವೊದಲ್ಲಿ ಇಲ್ಲವೆಂದು ಅವರ ಮುಂದಾಳು ಯಾಗೊಡಾ ನನ್ನನ್ನು ಪುಸಲಾಯಿಸಿದಳು. ತಮ್ಮದು ಕಲಾವಿದರ ಕೂಟವಂತೆ. ನಲ್ಲಿಗಳು ಬತ್ತಿದ್ದವು; ಬೆಟ್ಟದಿಂದ ಬೀಳುವ ಗುಂಡುಗಳ ನಡುವೆ ನಾನು ಜೀವ ಕೈಯಲ್ಲಿ ಹಿಡಿದು ಹೊತ್ತು ತಂದ ನೀರಿನಲ್ಲಿ ಈ ಮಹಾನುಭಾವರು ಚಿತ್ರ ಜಾಲಾಡುತ್ತಿದ್ದರು. ದಿನವೂ ಬೈಯುತ್ತಿದ್ದೆ, ದಿನವೂ ನೀರು ಕೊಡುತ್ತಿದ್ದೆ.

ಹೊರದೇಶದ ಪತ್ರಕರ್ತರು ಗುಂಡು ಹಾರುವ ಚೌಕದಲ್ಲಿ ಕಾದು ನಿಂತು, ಎದ್ದುಬಿದ್ದು ಓಡುವವರ ಚಿತ್ರ ತೆಗೆಯುತ್ತಿದ್ದರು. ಇವರು ಮಾತ್ರ ಓಡುವವರನ್ನು ತೆಗೆಯುತ್ತಿರಲಿಲ್ಲ. ತುರಚಿ ಸೊಪ್ಪು ಬೇಯಿಸುವವರು, ಮೆಟ್ಟಿಲ ಮೇಲೆ ಇಸ್ಪೀಟು ಆಡುವವರು, ಸೌದೆಯಿಲ್ಲದೆ ಬೂಟು ಸುಟ್ಟು ಕಾಫಿ ಕಾಯಿಸುವವರು, ಎಲ್ಲರಿಗೂ ಮೊದಲು ತಲೆ ಬಾಚಿಕೊಳ್ಳಲು ಸಮಯ ಕೊಡುತ್ತಿದ್ದರು. ಸೈನ್ಯದ ಪ್ರಚಾರದವನೊಬ್ಬ ಬಂದು, ಬಂದೂಕು ಹಿಡಿದವರ ಚಿತ್ರ ತೆಗೆದುಕೊಡಿ, ಪೆಟ್ರೋಲು ಕೊಡುತ್ತೇನೆ ಎಂದ. ಯಾಗೊಡಾ ಆಗುವುದಿಲ್ಲ ಎಂದುಬಿಟ್ಟಳು. ಪೆಟ್ರೋಲು ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು, ಆದರೆ ಒಳಗೊಳಗೇ ಹುಡುಗಿಯ ಗಟ್ಟಿತನಕ್ಕೆ ಸೋತೆ.

ಕೂಟದಲ್ಲಿ ಮುಖಗಳನ್ನು ತೆಗೆಯುತ್ತಿದ್ದವನು ನೆವೆನ್. ಕಡ್ಡಿಯಂಥ ಮೈ, ಮೆತ್ತನೆಯ ಮಾತು. ನಮ್ಮಲ್ಲಿ ಯಾರಾದರೂ ಸತ್ತರೆ ಹೆಸರು, ಫೋಟೊ ಇರುವ ಸಾವಿನ ಹಾಳೆಯನ್ನು ಬೀದಿಯ ಮರಕ್ಕೆ ಅಂಟಿಸುವುದು ರೂಢಿ. ಹಳೆಯ ಫೋಟೊಗಳೆಲ್ಲ ಮನೆಯೊಂದಿಗೆ ಸುಟ್ಟುಹೋಗಿದ್ದವು, ಹಾಗಾಗಿ ಜನ ನೆವೆನ್ ತೆಗೆದದ್ದನ್ನೇ ಕೇಳಿ ಒಯ್ಯತೊಡಗಿದರು. ಆ ಶರತ್ಕಾಲದಲ್ಲಿ ಸಾಲಾಗಿ ಮೂರು ಹಾಳೆಗಳಲ್ಲಿ ಅವನು ತೆಗೆದ ಫೋಟೊಗಳೇ ಬಂದವು. ಅಲ್ಲಿಗೆ ಮುಗಿಯಿತು, ಅವನು ಫೋಟೊ ತೆಗೆದವರು ಸಾಯುತ್ತಾರೆ ಎಂದು ಬೀದಿ ನಂಬಿತು. ಅವನು ಬರುವುದು ಕಂಡರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಕಟ್ಟಡದ ಮೂರನೇ ಮಹಡಿಯ ಓಸ್ಟೊಯಾ, ಟ್ರ್ಯಾಮ್ ಓಡಿಸಿ ನಿವೃತ್ತನಾದವನು, ಪಾತ್ರೆಯ ಮುಚ್ಚಳವನ್ನೇ ಮುಖಕ್ಕೆ ಹಿಡಿದು ಕೂಗಿದ.

"ಬಂದ ನೋಡ್ರಪ್ಪ, ಮರಕ್ಕೆ ಅಂಟಿಸೋನು! ಅವಿತ್ಕೊಳ್ಳಿ!"

ಎಲ್ಲರೂ ನಕ್ಕರು. ನೆವೆನ್ ನಗಲಿಲ್ಲ. ಒಳಗೆ ಬಂದು ಕ್ಯಾಮೆರಾವನ್ನು ನನ್ನ ಬಾಚಣಿಗೆಗಳ ಡ್ರಾಯರಿನಲ್ಲಿಟ್ಟ.

"ಮೆವ್ಲಿದಕ್ಕ, ಇನ್ನು ನನ್ ಕೈಲಾಗಲ್ಲ. ನಾನೇ ಕೊಲ್ತಿದೀನಿ ಅನ್ಸತ್ತೆ."

"ಶೆಲ್ ಹೊಡೆಯೋರು ಬೆಟ್ಟದ ಮೇಲಿದಾರೆ, ನೀನು ನನ್ ಪಾರ್ಲರಲ್ಲಿದೀಯ. ಅವರ ಪಾಪ ನೀನ್ಯಾಕೋ ಹೊತ್ಕೋತೀಯ? ತೆಗಿ, ನನ್ ಫೋಟೊ ತೆಗಿ!"

ಆಗಲ್ಲ ಎಂದ. ಯಾಗೊಡಾ ಕ್ಯಾಮೆರಾವನ್ನು ಅವನ ಕೈಗೆ ತುರುಕಿದಳು, ಕೊನೆಗೆ ತೆಗೆದ. ಫೋಟೊ ತೆಗೆಸಿಕೊಂಡ ಸುದ್ದಿಯನ್ನು ನಾನೇ ಮಹಡಿ ಮಹಡಿಗೂ ಹೋಗಿ ಸಾರಿ ಬಂದೆ. ಸಾಯದೆ ತಿರುಗಾಡಿ ತೋರಿಸಿದರೆ ಹುಡುಗ ಉಳಿದುಕೊಳ್ಳುತ್ತಾನೆ, ಅವರ ಕೆಲಸವೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕ.

"ಬೇಜಾರ್ ಮಾಡ್ಕೋಬೇಡ ಕಣೇ," ಎಂದ ಓಸ್ಟೊಯಾ, "ನೀನು ಉಳಿಯಲ್ಲ ಅಂತ ಒಂದು ಪ್ಯಾಕ್ ಸಿಗರೇಟು ಬಾಜಿ ಕಟ್ಟಿದೀನಿ."

"ಗೆದ್ರೆ ನನ್ ಹೆಣದ ಪಕ್ಕ ಕೂತು ಸೇದು, ಮಾರಾಯ."

ವಾರ ಕಳೆದಿರಲಿಲ್ಲ, ಊರಿಗೆಲ್ಲ ನೀರು ಸಿಗುತ್ತಿದ್ದ ಬಿಯರ್ ಕಾರ್ಖಾನೆಯ ಮುಂದೆ ನಾನು ನಿಂತಿದ್ದ ಸಾಲಿನ ಹತ್ತಿರ ಶೆಲ್ ಬಿತ್ತು. ಕಬ್ಬಿಣದ ಚೂರೊಂದು ನನ್ನ ತೊಡೆಯೊಳಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಕಾಲಿನ ಯೋಚನೆ ಬರಲಿಲ್ಲ, ಆ ಹುಡುಗನ ಯೋಚನೆ ಬಂತು. ಯಾಗೊಡಾ ಬಂದು, ಅವನು ಅನ್ನ ನೀರು ಬಿಟ್ಟಿದ್ದಾನೆ, ಬೀದಿಯವರೆಲ್ಲ 'ನಾವು ಹೇಳಿರಲಿಲ್ಲವೇ' ಎನ್ನುತ್ತಿದ್ದಾರೆ ಎಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಂಚ ಬೇರೆಯವರಿಗೆ ಬೇಕಾಗಿದ್ದರಿಂದ ಡಾಕ್ಟರು ಬೇಗನೆ ಕಳಿಸಿದರು. ಯಾಗೊಡಾಳಿಂದ ತಲೆ ಬಾಚಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಸಿಕೊಂಡು, ನೀರಿನ ಕ್ಯಾನುಗಳ ಗಾಡಿಯ ಮೇಲೆ ಕೂತೆ. ಅವಳು ತಳ್ಳಿದಳು. ನಮ್ಮ ಕಟ್ಟಡದ ಅಂಗಳ ಮುಟ್ಟುತ್ತಲೇ ಗಂಟಲು ಹರಿಯುವಂತೆ ಕೂಗಿದೆ.

"ಬನ್ರೋ, ನೋಡ್ಕೊಳ್ರೋ! ಫೋಟೊ ತೆಗೆಸ್ಕೊಂಡೋಳು ಬಂದಿದಾಳೆ! ಕಾಲಿಗೆ ಪೆಟ್ಟಾಗಿದೆ, ನಾಲಿಗೆಗಲ್ಲ!"

ಗಾಜೊಡೆದ ಕಿಟಕಿಗಳ ಪ್ಲಾಸ್ಟಿಕ್ ಹಾಳೆಗಳು ಒಂದೊಂದಾಗಿ ಸರಿದವು. ನೆವೆನ್ ಹೊರಗೆ ಬಂದು, ಗಾಡಿಯ ಮುಂದೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಅಳೋದು ಆಮೇಲೆ. ಬೆಳಕು ಹೋಗ್ತಾ ಇದೆ, ಇನ್ನೊಂದು ತೆಗಿ."

ಕಣ್ಣೊರೆಸಿಕೊಂಡು ತೆಗೆದ. ಆಮೇಲೆ ಓಸ್ಟೊಯಾ ಇಳಿದು ಬಂದ. ಸೂಟು ತೊಟ್ಟು ಟೈ ಕಟ್ಟಿದ್ದ. ಸಿಗರೇಟು ಪ್ಯಾಕನ್ನು ನನ್ನ ಮಡಿಲಿಗೆ ಹಾಕಿ ಹುಡುಗನ ಮುಂದೆ ನಿಂತ.

"ತಮ್ಮಾ, ತಪ್ಪಾಯ್ತು ಕಣಪ್ಪ. ಮೂಗು ಸ್ವಲ್ಪ ಸಣ್ಣಗೆ ಕಾಣೋ ಹಾಗೆ ತೆಗಿ."

ಅವನ ಬೆನ್ನಿಗೇ ಸಾಲು ಬೆಳೆಯಿತು. ಕತ್ತಲಾಗುವವರೆಗೂ ನಾನು ಗಾಡಿಯ ಮೇಲೆ ಕೂತೇ ಒಬ್ಬೊಬ್ಬರ ತಲೆ ಬಾಚಿದೆ. ಇಂಥವರಿಗೆ ಜಾಗ ಕೊಟ್ಟೆನಲ್ಲ ಎಂದು ಅವತ್ತು ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಫೆಬ್ರುವರಿಯಲ್ಲಿ ರೊಟ್ಟಿ ತರಲು ಹೋದ ಓಸ್ಟೊಯಾ ತಿರುಗಿ ಬರಲಿಲ್ಲ. ಅವನ ಹೆಂಡತಿ ಸ್ತಾನಾ ಪಾರ್ಲರಿನ ಬಾಗಿಲಲ್ಲಿ ಬಂದು ನಿಂತಳು. ಇನ್ನು ಈ ಹುಡುಗ ಕ್ಯಾಮೆರಾ ಮುಟ್ಟಲಾರ ಎಂದುಕೊಂಡೆ.

"ಅವತ್ತಿನ ಫೋಟೊ ಕೊಡಪ್ಪ," ಎಂದಳು ಆಕೆ. "ಅದ್ರಲ್ಲಿ ನಮ್ಮೋರು ನಗ್ತಾ ಇದಾರೆ. ಮರದ ಮೇಲೂ ನಗ್ತಾ ಇರ್ಲಿ."

ನೆವೆನ್ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಇನ್ನೂ ಒದ್ದೆಯಾಗಿದ್ದ ಫೋಟೊ ತಂದು ಅವಳ ಅಂಗೈ ಮೇಲಿಟ್ಟ. ಅವಳು ಅದನ್ನು ನೋಡುತ್ತಾ ಹೊರಟಳು. ಬಾಗಿಲು ದಾಟುವ ಮೊದಲು ತಾನೇ ನಿಂತು, ತಿರುಗಿ ಬಂದು, ನನ್ನ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತಳು.

"ನಂದೂ ಒಂದು ತೆಗಿ, ಮಗಾ," ಎಂದಳು.

ನೆವೆನ್ ಕ್ಯಾಮೆರಾ ಎತ್ತಿಕೊಂಡ. ಆಕೆ ತಲೆ ಬಾಚಿಕೊಳ್ಳುವವರೆಗೂ ಕಾದು, ತೆಗೆದ.