ಒಳಗಿನಿಂದ ತೆರೆಯದ ವಿಳಾಸ

ಚಪ್ಪಲಿ ಸ್ಟ್ಯಾಂಡಿನ ಮೇಲೆ, ಸಾಕ್ಸಿನ ಗಬ್ಬು ನಾತದ ನಡುವೆ ಗುಂಯ್‌ಗುಡುತ್ತಿದ್ದ ಹಳೆಯ ಕಂಪ್ಯೂಟರನ್ನು ಅವಳ ಗಂಡ 'ನಮ್ಮನೆ ಸರ್ವರ್' ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅವಳ ತಾಯಿಯ ದನಿ ಇದ್ದದ್ದು ಅದರೊಳಗೆ.

ಅವಳು ಹೊಲಿಗೆ ಅಂಗಡಿಯವಳು. ತಾಯಿಯೂ ದರ್ಜಿಯೇ. ಕಾಲರ್ ಹೇಗೆ ಕತ್ತರಿಸಬೇಕು, ತೋಳು ಎಲ್ಲಿ ಸಡಿಲ ಬಿಡಬೇಕು ಎಂದು ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದ ಮೂವತ್ತೆರಡು ರೆಕಾರ್ಡಿಂಗು. ತಾಯಿ ತೀರಿಕೊಂಡ ಮೇಲೆ, "ಫೋನಲ್ಲಿ ಜಾಗ ಇಲ್ಲ, ಇಲ್ಲಿ ಭದ್ರ" ಎಂದು ಗಂಡನೇ ಅವನ್ನು ಸರ್ವರಿಗೆ ಸಾಗಿಸಿ ಫೋನಿನಿಂದ ಅಳಿಸಿದ್ದ. ಎಲ್ಲಿಂದ ಬೇಕಾದರೂ ಕೇಳಲು ಒಂದು ಇಂಟರ್‌ನೆಟ್ ವಿಳಾಸ ಕೊಟ್ಟಿದ್ದ. ಅದನ್ನು ಒತ್ತಿ ದೂರದ ಊರಿನ ತಂಗಿಯೂ ಕೇಳುತ್ತಿದ್ದಳು.

ಮನೆಯ ವೈಫೈಗೆ ಹೊಸ ರೌಟರ್ ಹಾಕಿದ ಮಾರನೆಯ ದಿನ ಮಹಾಶಯ ಸೋಫಾದಲ್ಲಿ ಕಾಲು ಚಾಚಿ ಅದೇ ವಿಳಾಸ ಒತ್ತಿದ. ತೆರೆಯಲಿಲ್ಲ. ಬೀಗದ ಕೈಯಿಂದ ಕಿವಿ ಕೆರೆದು, ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿಕೊಂಡ. "ಸರ್ವರ್ ಕೆಟ್ಟಿದೆ."

"ಈಗಷ್ಟೇ ನನ್ನ ಅಂಗಡೀಲಿ ತೆರೀತಲ್ಲ ರೀ?"

"ಅದು ನಿನ್ನ ಫೋನಲ್ಲಿ ಉಳಿದಿರೋ ಹಳೇದು. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಅವಳು ಸುಮ್ಮನಾದಳು. ಹದಿನಾರು ವರ್ಷದ ಅಭ್ಯಾಸ. ಅವನು ತನ್ನ ಫೋನಿನ ವೈಫೈ ಆರಿಸಿ, ಹೊರಗಿನವರ ಹಾಗೆ ಒಮ್ಮೆ ಒತ್ತಿ ನೋಡಿದ್ದರೆ ಸಾಕಿತ್ತು.

ಗಂಡ ಲಿಫ್ಟ್ ಮೆಕ್ಯಾನಿಕ್. ಕೆಟ್ಟ ಲಿಫ್ಟಿನ ಬೋರ್ಡನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬುವುದು ಅವನ ಕ್ರಮ. ಸರ್ವರಿಗೂ ಅದೇ ಮದ್ದು ಮಾಡಿದ. ಲಿಫ್ಟಿನ ಬೋರ್ಡಿನಲ್ಲಿ ಯಾರ ತಾಯಿಯ ದನಿಯೂ ಇರುವುದಿಲ್ಲ.

ಅಳಿಸಿದ ಮೇಲೂ ವಿಳಾಸ ತೆರೆಯಲಿಲ್ಲ. ಆಗ ಕಂಪ್ಯೂಟರ್ ಬಲ್ಲ ಗೆಳೆಯನಿಗೆ ಫೋನು ಮಾಡಿ, ಮಾತು ಮುಗಿಸಿ, ತೊಡೆ ತಟ್ಟಿದ.

"ಸರ್ವರ್‌ಗೆ ಏನೂ ಆಗಿರ್ಲಿಲ್ಲ ಕಣೆ! ಮನೆ ಒಳಗಿಂದ ಹೊರಗಿನ ವಿಳಾಸ ಒತ್ತಿದ್ರೆ ಈ ಹೊಸ ರೌಟರ್ ವಾಪಸ್ ಒಳಕ್ಕೆ ಬಿಡಲ್ಲ, ಅಷ್ಟೇ. ಹೊರಗಿನವ್ರಿಗೆಲ್ಲ ಚೆನ್ನಾಗೇ ತೆರೀತಿತ್ತು!"

ಏನೋ ಗೆದ್ದು ಬಂದವನ ಹಾಗೆ ಹಲ್ಲು ಕಿರಿದ.

"ಅಮ್ಮನ ರೆಕಾರ್ಡಿಂಗು?"

ಹಲ್ಲು ಇನ್ನೂ ಅರ್ಧ ಕಾಣುತ್ತಿತ್ತು. "ನೀನು... ಬೇರೆ ಕಾಪಿ ಇಟ್ಕೊಂಡಿಲ್ವಾ?"

ಅವನ ಮುಖ, ಆ ಬೀಗದ ಕೈ, ಆ ಪ್ಯಾಂಟು, ಎಲ್ಲವೂ ಅವಳಿಗೆ ಹೇಸಿಗೆ ಹುಟ್ಟಿಸಿದವು. ಅಂಗಡಿಯಲ್ಲಿ ತೆರೆದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ತನ್ನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು.

ಫೋನು ಬಡಿದುಕೊಂಡಿತು. ತಂಗಿ.

"ಅಕ್ಕಾ, ಒಂಬತ್ತನೇದು ಕೇಳ್ತಿದ್ದೆ. 'ಈಗ ಕತ್ತರಿ ಇಡು' ಅಂದ್ಳು ಅಮ್ಮ, ಅಲ್ಲಿಗೇ ನಿಂತೋಯ್ತು. ಬಟ್ಟೆ ಹಾಸ್ಕೊಂಡು ಆಗ್ಲಿಂದ ಕೂತಿದೀನಿ. ಭಾವಂಗೆ ಹೇಳಿ ಬೇಗ ಸರಿ ಮಾಡ್ಸೇ."

ಗಂಡ ಕೈಯನ್ನು ಪ್ಯಾಂಟಿಗೆ ಒರೆಸಿ ಫೋನಿಗೆ ಚಾಚಿದ. ಆ ಕೈಗೆ ಕೊಡಲು ಮನಸ್ಸಾಗದೆ ಅವಳು ಸ್ಪೀಕರ್ ಒತ್ತಿ ಫೋನನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ಅವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸತೊಡಗಿದ.

"ಸುಮ್ನಿರ್ಬೇಡಿ," ಎಂದಳು. "ಹೇಳಿ ಅವಳಿಗೆ."